ಇಲಿಂಕಾಳ ಹೆಸರಿನ ಟಿಕೆಟ್ಟು

ಸತ್ತವರ ಹೆಸರಿನಲ್ಲಿ ನಮ್ಮೂರಿನವರು ಏನೇನೋ ಕೊಡುತ್ತಾರೆ. ಬ್ರೆಡ್ಡು, ಬೇಯಿಸಿದ ಗೋಧಿಯ ಸಿಹಿ, ಲೋಟ, ಚಪ್ಪಲಿ. ಪಕ್ಕದ ಬೀದಿಯ ಮುದುಕಿಯೊಬ್ಬಳು ಗಂಡನ ಹೆಸರಿನಲ್ಲಿ ರೇಡಿಯೋ ಕೊಟ್ಟಿದ್ದಳು, ಸೆಲ್ ಸಮೇತ. ಇಲ್ಲಿ ಯಾರ ಕೈಗೆ ಕೊಟ್ಟರೂ ಅದು ಅಲ್ಲಿ ಸತ್ತವರ ಕೈ ಸೇರುತ್ತದಂತೆ. ಇದಕ್ಕೆ ಪೊಮಾನಾ ಅನ್ನುತ್ತೇವೆ. ಕೊಡುವಾಗ ಮೋಂಬತ್ತಿ ಹಚ್ಚಬೇಕು, ಇಲ್ಲದಿದ್ದರೆ ಕತ್ತಲಲ್ಲಿ ಅದಕ್ಕೆ ದಾರಿ ಕಾಣುವುದಿಲ್ಲ. ತೆಗೆದುಕೊಂಡವರು 'ಬೊಗ್ದಪ್ರೋಸ್ತೆ', ಅಂದರೆ ಸತ್ತವರನ್ನು ದೇವರು ಕ್ಷಮಿಸಲಿ, ಅಂದು ಅದನ್ನು ಬಳಸಬೇಕು; ಮೂಲೆಗೆ ಎಸೆದರೆ ಅಲ್ಲಿ ಸತ್ತವರೂ ಬರಿಗೈಯಲ್ಲಿ ಕೂತಿರುತ್ತಾರೆ. ನನಗೆ ಇದರಲ್ಲೆಲ್ಲ ಅಷ್ಟೇನೂ ನಂಬಿಕೆಯಿಲ್ಲ. ಆದರೂ ನಮ್ಮಮ್ಮನ ಹೆಸರಿನಲ್ಲಿ ಒಳ್ಳೆಯ ಛತ್ರಿಯನ್ನೇ ಕೊಟ್ಟೆ. ಸಿನಿಮಾ ಟಿಕೆಟ್ಟು ಕೊಟ್ಟವರನ್ನು ಮಾತ್ರ ಡೊರಿನಾಳಿಗಿಂತ ಮೊದಲು ನೋಡಿರಲಿಲ್ಲ.

ಡೊರಿನಾ ನಮ್ಮ ಎದುರು ಬಾಗಿಲಿನವಳು. ಅವಳ ಒಬ್ಬಳೇ ಮಗಳು ಇಲಿಂಕಾ ಚಳಿಗಾಲದಲ್ಲಿ ರಕ್ತದ ಕಾಯಿಲೆಯಿಂದ ತೀರಿಕೊಂಡಳು. ನನ್ನ ಮಗಳು ಸಾಂದಾ ಮತ್ತು ಅವಳು ಶಾಲೆಯಲ್ಲಿ ಒಂದೇ ಬೆಂಚು. ಇಬ್ಬರಿಗೂ ಒಂದು ಕಾರ್ಟೂನ್ ಸಿನಿಮಾದ ಹುಚ್ಚು. ಅದರಲ್ಲಿ ಮನೆಮಂದಿಯೆಲ್ಲ ಮಹಾಶೂರರು. ಅಪ್ಪ ಸೇತುವೆ ಹೊರುತ್ತಾನೆ, ಅಜ್ಜಿ ಹಾಲು ಉಕ್ಕುವಷ್ಟು ಹೊತ್ತು ಕಾಲವನ್ನೇ ನಿಲ್ಲಿಸುತ್ತಾಳೆ, ಅಮ್ಮನಿಗೆ ಮಕ್ಕಳು ಎಷ್ಟು ದೂರದಲ್ಲಿ ಪಿಸುಗುಟ್ಟಿದರೂ ಕೇಳಿಸುತ್ತದೆ. ಏನಿದೆ ಈ ಹಾಳು ಸಿನಿಮಾದಲ್ಲಿ ಅಂತ ನಾನು ಬೈಯುತ್ತಿದ್ದೆ. ಒಂದು ಸಲ ಜೊತೆಗೆ ಕೂತಾಗ ಗೊತ್ತಾಯಿತು. ಊರು ಉಳಿಸಿ ಬಂದವರು ಕೊನೆಗೆ ಕೆಸರು ಬೂಟಿಗೆ ಬೈಸಿಕೊಂಡು, ಒಂದೇ ಮೇಜಿಗೆ ಕೂತು, ಸೂಪಿಗೆ ಕಿತ್ತಾಡುತ್ತಾರೆ. ಯಾವ ಕುರ್ಚಿಯೂ ಖಾಲಿ ಉಳಿಯುವುದಿಲ್ಲ. ಮಕ್ಕಳಿಗೆ ಬೇಕಾದದ್ದು ಅದು, ದೊಡ್ಡವರಿಗೂ ಅಷ್ಟೆ.

ಆಸ್ಪತ್ರೆಯಲ್ಲಿ ಇಲಿಂಕಾ ಅದನ್ನೇ ತಾಯಿಯ ಫೋನಿನಲ್ಲಿ ಮತ್ತೆ ಮತ್ತೆ ನೋಡಿದಳು. ಎರಡನೇ ಭಾಗ ಬೇಸಿಗೆಗೆ ಬರುತ್ತದೆಂದು ತಿಳಿದಾಗ, "ಅಷ್ಟೊತ್ತಿಗೆ ವಾಸಿಯಾಗಿರ್ತೀನಿ ಅಲ್ವಾಮ್ಮಾ?" ಅಂದಳಂತೆ. ಡೊರಿನಾ ಹೂಂ ಅಂದಿದ್ದಳು. ಆ ಹೂಂ ಅವಳ ಗಂಟಲಲ್ಲಿ ಮುಳ್ಳಾಗಿ ಉಳಿದುಬಿಟ್ಟಿತ್ತು.

ಬೇಸಿಗೆ ಬಂತು, ಸಿನಿಮಾವೂ ಬಂತು. ಡೊರಿನಾ ಕಪ್ಪು ತಲೆವಸ್ತ್ರ ಕಟ್ಟಿಕೊಂಡು ನಮ್ಮ ಹೊಸ್ತಿಲಲ್ಲಿ ನಿಂತಳು. ಕೈಯಲ್ಲಿ ಒಂದು ಟಿಕೆಟ್ಟು, ಅದಕ್ಕೆ ದಾರದಲ್ಲಿ ಕಟ್ಟಿದ ಮೋಂಬತ್ತಿ.

"ಅಕ್ಕಾ, ನಗ್ಬೇಡ."

"ನಾನ್ಯಾಕೆ ನಗ್ಲಿ?"

"ಸಾಂದಾ ನೋಡಿದ್ರೆ ಇಲಿಂಕಾ ನೋಡಿದ ಹಾಗೆ. ಪೂರ್ತಿ ನೋಡ್ಬೇಕು. ಹೆಸರುಗಳೆಲ್ಲ ಮುಗಿದ್ಮೇಲೆ ಒಂದು ತುಣುಕು ಬರುತ್ತಲ್ಲ, ಅದೂ. ಅದಿಲ್ದೆ ಅವಳು ಏಳೋಳೇ ಅಲ್ಲ."

"ಪಾದ್ರಿಗಳು ಏನಂದ್ರು?"

"ಬ್ರೆಡ್ ಕೊಡಮ್ಮಾ ಸಾಕು ಅಂದ್ರು. ಅವಳು ಯಾವತ್ತು ನೆಟ್ಟಗೆ ಬ್ರೆಡ್ ತಿಂದಿದ್ಲು ಹೇಳು?"

ಮೋಂಬತ್ತಿ ಹಚ್ಚಿದಳು. ಸಾಂದಾ ಎರಡೂ ಕೈ ಒಡ್ಡಿ ಟಿಕೆಟ್ಟು ತೆಗೆದುಕೊಂಡು, ದೊಡ್ಡವಳ ಹಾಗೆ "ಬೊಗ್ದಪ್ರೋಸ್ತೆ" ಅಂದಳು.

ಭಾನುವಾರ ಮಧ್ಯಾಹ್ನ ನಾನೂ ಒಂದು ಟಿಕೆಟ್ಟು ಕೊಂಡು ಅವಳ ಜೊತೆ ಹೋದೆ. ಇನ್ನೇನು ಒಳಗೆ ಹೋಗಬೇಕು, ಹಿಂದಿನಿಂದ ಯಾರೋ ಓಡಿಬಂದ ಸದ್ದು. ಡೊರಿನಾ. ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಬಂದಿದ್ದಳು.

"ಅಕ್ಕಾ, ತಪ್ಪಾಗ್ಹೋಯ್ತು. ಒಂದೇ ಟಿಕೆಟ್ ಕೊಟ್ಬಿಟ್ಟೆ."

"ಮತ್ತೆಷ್ಟು ಕೊಡ್ಬೇಕಿತ್ತೇ?"

"ಒಳಗೆಲ್ಲ ಕತ್ತಲೆ ಅಲ್ವಾ? ಇಲಿಂಕಾಗೆ ಕತ್ತಲೆ ಅಂದ್ರೆ ಜೀವ ಹೋಗುತ್ತೆ." ತಾನಾಡಿದ ಮಾತಿಗೆ ತಾನೇ ಬೆಚ್ಚಿದಳು.

"ನಾನಿರ್ತೀನಲ್ಲ."

"ನೀನು ಸಾಂದಾ ಜೊತೆ. ನನ್ನ ಮಗು ಜೊತೆ ಯಾರಿದ್ದಾರೆ? ಅಷ್ಟು ದೊಡ್ಡ ಕತ್ತಲೇಲಿ ಅವಳೊಬ್ಬಳನ್ನೇ ಕೂರಿಸ್ಬಿಟ್ಟೆನಲ್ಲ ಅಕ್ಕಾ!"

"ಹಾಗಾದ್ರೆ ನೀನೇ ಒಳಗೆ ಬಾ."

"ನಾನು ನೋಡಿದ್ರೆ ಅದು ಇಲ್ಲೇ ಉಳಿಯುತ್ತೆ. ಬೇರೆಯವರ ಕೈಗೆ ಕೊಟ್ರೆ ತಾನೆ ಅಲ್ಲಿಗೆ ಹೋಗೋದು?" ಇನ್ನೊಂದು ಟಿಕೆಟ್ಟು ಮುಂದೆ ಹಿಡಿದಳು. "ತಗೋ. ಇದು ನನ್ನ ಹೆಸರಲ್ಲಿ. ನೀನು ಕೂತ್ರೆ ಅಲ್ಲಿ ನಾನು ಅವಳ ಪಕ್ಕ ಕೂತ ಹಾಗೆ."

ಬದುಕಿರುವಾಗಲೇ ತಮ್ಮ ಹೆಸರಿನಲ್ಲಿ ತಾವೇ ಕೊಡುವುದು ನಮ್ಮಲ್ಲಿ ಉಂಟು. ಮಕ್ಕಳು ಮುಂದೆ ಕೊಟ್ಟಾರೆಂಬ ನೆಚ್ಚಿಕೆಯಿಲ್ಲದ ಮುದುಕಿಯರು ಹಾಗೆ ಮಾಡುತ್ತಾರೆ. ತಲೆಯಲ್ಲಿ ಒಂದೂ ಬಿಳಿಕೂದಲಿಲ್ಲದ ಹೆಂಗಸು ಮಾಡಿದ್ದನ್ನು ನಾನು ಕಂಡಿರಲಿಲ್ಲ.

"ಬಿಡ್ತು ಅನ್ನೇ!" ಎಂದು ಗದರಿದೆ.

"ತಗೋ ಅಕ್ಕಾ. ಶುರುವಾಗ್ಬಿಡುತ್ತೆ."

ಜೇಬಿನಿಂದ ಮೋಂಬತ್ತಿಯ ತುಂಡು ತೆಗೆದು ಕಡ್ಡಿ ಗೀರಿದಳು. ಟಿಕೆಟ್ಟು ಹರಿಯುವ ದಢೂತಿ ಮನುಷ್ಯ ಕೈ ಅಡ್ಡ ಚಾಚಿದ. "ಇಲ್ಲಿ ಬೆಂಕಿ ಹಚ್ಚಂಗಿಲ್ಲಮ್ಮಾ!"

"ನಿಮ್ಮನೇಲಿ ಯಾರೂ ಸತ್ತೇ ಇಲ್ವೇನಪ್ಪಾ? ಸ್ವಲ್ಪ ಆ ಕಡೆ ತಿರುಗು," ಅಂದೆ. ಅವನು ಡೊರಿನಾಳ ಮುಖ ನೋಡಿ ಸುಮ್ಮನೆ ಗೋಡೆಯ ಕಡೆ ತಿರುಗಿಕೊಂಡ. ನನ್ನ ಟಿಕೆಟ್ಟನ್ನು ಚೀಲದೊಳಗೆ ಹಾಕಿ ಅವಳದನ್ನು ತೆಗೆದುಕೊಂಡೆ. 'ಬೊಗ್ದಪ್ರೋಸ್ತೆ' ಅಂತ ಎರಡು ಸಲ ಹೇಳಿದೆ.

ಸಿನಿಮಾದ ನಡುವೆ ಆ ಮನೆಯ ಪುಟ್ಟ ಹುಡುಗಿ ಸುರಂಗದಲ್ಲಿ ಕಳೆದುಹೋಗುತ್ತಾಳೆ. ತೆರೆಯೆಲ್ಲ ಕಪ್ಪು. ಊರಿನ ಆ ತುದಿಯಲ್ಲಿ ತಾಯಿ ಎಲ್ಲರನ್ನೂ ಸುಮ್ಮನಿರಿಸಿ, ಕಣ್ಣು ಮುಚ್ಚಿ ಕಿವಿಗೊಡುತ್ತಾಳೆ. ಪಕ್ಕದಿಂದ ತಣ್ಣಗಿನ ಪುಟ್ಟ ಕೈಯೊಂದು ತಡಕಾಡಿ ನನ್ನ ಕೈ ಸೇರಿತು. ಸಾಂದಾಳದೇ, ಇನ್ಯಾರದು. ಆದರೆ ನಾನು ಅದನ್ನು ಬಿಡಲಿಲ್ಲ. ಕಾರ್ಟೂನ್ ನೋಡಿ ಬಿಕ್ಕಿ ಬಿಕ್ಕಿ ಅತ್ತೆ, ನಾಚಿಕೆಯೂ ಆಗಲಿಲ್ಲ.

ದೀಪ ಹತ್ತಿತು, ಜನ ಎದ್ದು ಹೋದರು, ತೆರೆಯ ಮೇಲೆ ಹೆಸರುಗಳು ಓಡುತ್ತಲೇ ಇದ್ದವು. ಪೊರಕೆಯವಳು ಬಂದು "ಮುಗೀತು, ಏಳಿ" ಅಂದಳು. "ಮುಗಿದಿಲ್ಲ," ಅಂದಳು ಸಾಂದಾ. ಕೊನೆಗೆ ಆ ತುಣುಕು ಬಂತು. ಮನೆಯವರು ಮೇಜಿನ ಬಳಿ ಒಂದು ಹೊಸ ಕುರ್ಚಿ ತಂದಿಟ್ಟರು. ಯಾರಿಗೆ ಅಂತ ಹೇಳಲಿಲ್ಲ, ಮೂರನೇ ಭಾಗಕ್ಕೆ ಉಳಿಸಿಕೊಂಡಿರಬೇಕು.

ಡೊರಿನಾ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಸಾಂದಾಳನ್ನು ಹತ್ತಿರ ಎಳೆದುಕೊಂಡಳು.

"ಪೂರ್ತಿ ನೋಡಿದ್ಯಾ ಪುಟ್ಟಿ?"

"ಪೂರ್ತಿ, ಆಂಟಿ. ತುಣುಕೂ ನೋಡ್ದೆ."

"ಹೆದರಿಕೆ ಆಯ್ತಾ?"

ನನ್ನ ಮಗಳಿಗೆ ಸುಳ್ಳು ಬರುವುದಿಲ್ಲ. "ಸುರಂಗ ಬಂದಾಗ ತುಂಬಾ ಆಯ್ತು. ಆಮೇಲೆ ಅಮ್ಮ ಕೈ ಹಿಡ್ಕೊಂಡ್ಲು. ಆಮೇಲೆ ಆಗ್ಲಿಲ್ಲ."

ಡೊರಿನಾ ನನ್ನ ಕಡೆ ತಿರುಗಿದಳು.

"ಯಾವ ಕೈ ಅಕ್ಕಾ?"

ಬಲಗೈ ಚಾಚಿದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

"ಇನ್ನೂ ಬೆಚ್ಚಗಿದೆ," ಅಂದಳು.

ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.