ನಡುಕ ನಿಂತ ಹೊತ್ತು

ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಹೊಸಬರನ್ನು ಅಳೆಯಲು ಒಂದೇ ಅಳತೆಗೋಲಿತ್ತು: ನಡುಗುವವನು ಎಳಸು, ನಡುಕ ನಿಂತವನು ಪಳಗಿದವನು. ಅದನ್ನು ಹಾಕಿಕೊಟ್ಟವನು ಮೇಸ್ತ್ರಿ. ಹದಿನಾರು ವರ್ಷ ಮೈನಸ್ ಇಪ್ಪತ್ತರಲ್ಲಿ ಪೆಟ್ಟಿಗೆ ಹೊತ್ತವನ ಮಾತಿಗೆ ಎದುರಾಡುವವರು ಯಾರು?

ಹೆಂಡತಿ ತಿಂಗಳುಗಟ್ಟಲೆ ಜೀವ ತಿಂದ ಮೇಲೆ ಅವಳ ತಮ್ಮನನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದ. ಈ ಭಾಮೈದ ಗ್ಯಾಂಗಿನೆದುರು ತನ್ನ ಮರ್ಯಾದೆ ತೆಗೆಯದಿದ್ದರೆ ಸಾಕಾಗಿತ್ತು.

ಆ ಬೆಳಿಗ್ಗೆ ತಳ್ಳುಗಾಡಿ ಕೆಟ್ಟು, ಪೆಟ್ಟಿಗೆಗಳನ್ನೆಲ್ಲ ಕೈಯಲ್ಲೇ ಸಾಗಿಸಬೇಕಾಯಿತು. ಟ್ರೇ ತೊಳೆದು ಬಂದಿದ್ದ ಭಾಮೈದನ ಅಂಗಿ ಜಾಕೆಟ್ಟಿನೊಳಗೆ ತೊಯ್ದು ತೊಪ್ಪೆಯಾಗಿತ್ತು. ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿತ್ತು.

“ಏನ್ ಮೇಸ್ತ್ರಿ, ನಿಮ್ಮ ಭಾಮೈದ ಬಾಯಲ್ಲೇ ಟೈಪಿಂಗ್ ಕಲೀತಿದಾನಾ?” ಎಂದ ಗ್ಯಾಂಗಿನವನೊಬ್ಬ.

“ಭಾವ, ಒಂದ್ನಿಮಿಷ ಹೊರಗೆ ಹೋಗಿ ಬರ್ಲಾ?”

“ಪಳಗೋವರೆಗೂ ತಡ್ಕೊ. ಮಾನ ಕಳೀಬೇಡ.”

ಕೊನೆಗೂ ನಡುಕ ನಿಂತಿತು. ಮೇಸ್ತ್ರಿ ಗಡಿಯಾರ ನೋಡಿದ, ಹತ್ತೂ ಇಪ್ಪತ್ತು. “ನೋಡ್ರೋ, ಪಳಗಿದ” ಎಂದು ಭಾಮೈದನ ಬೆನ್ನು ತಟ್ಟಿದ.

ಆಮೇಲೆ ಎರಡು ಪೆಟ್ಟಿಗೆ ಅವನ ಕೈಜಾರಿ ಬಿದ್ದವು. ಕುಡಿದವನ ಹಾಗೆ ನಾಲಿಗೆ ತೊದಲುತ್ತಿತ್ತು. “ಸೆಕೆ, ಭಾವ” ಎನ್ನುತ್ತ ಜಾಕೆಟ್ಟಿನ ಜಿಪ್ ಕೆಳಗೆಳೆದು ಬಿಚ್ಚಿದ. ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕ. ಭಾಮೈದ ಪೆಟ್ಟಿಗೆಗಳಿಗೆ ಒರಗಿ ಹಾಗೇ ಕುಸಿದ.

ಹೊರಗೆ ಹೊತ್ತು ತಂದು ಒಬ್ಬ ಅವನ ಕಾಲು ಉಜ್ಜತೊಡಗಿದ. ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸೋಣವೆಂದು ಮೇಸ್ತ್ರಿ ಕಂಕುಳಿಗೆ ಕೈ ಹಾಕಿದ. ಹಿಂದೆ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದ ಕಸಗುಡಿಸುವ ಹೆಂಗಸು ಪೊರಕೆ ಎಸೆದು ಓಡಿಬಂದಳು.

“ಉಜ್ಜಬೇಡಿ, ನಡೆಸಲೂಬೇಡಿ. ಹೃದಯ ನಿಂತುಬಿಡುತ್ತೆ. ಮೆಲ್ಲಗೆ ಮಲಗಿಸಿ. ಒದ್ದೆ ಬಟ್ಟೆ ಕತ್ತರಿಸಿ ತೆಗೀರಿ. ಕಂಬಳಿ ಮೊದಲು ಎದೆಗೆ, ತಲೆಗೆ ಸುತ್ತಿ. ಆಂಬುಲೆನ್ಸಿಗೆ ಫೋನ್ ಮಾಡಿದ್ರಾ?” ಅವಳು ಅವನ ಕೆನ್ನೆ ಮುಟ್ಟಿ ನೋಡಿದಳು. “ನಡುಕ ಯಾವಾಗ ನಿಂತಿದ್ದು?”

“ಹತ್ತೂ ಇಪ್ಪತ್ತಕ್ಕೆ.”

“ಈಗ ಹನ್ನೊಂದಾಯ್ತು. ನಡುಗೋಕೂ ಮೈಯಲ್ಲಿ ತ್ರಾಣ ಉಳಿದಿಲ್ಲ ಅಂತ ಅದರರ್ಥ, ಮೇಸ್ತ್ರಿ. ಅಷ್ಟು ಹೊತ್ತು ಏನ್ ಮಾಡ್ತಿದ್ರಿ?”

ಮೇಸ್ತ್ರಿ ಜೇಬಿನಿಂದ ಫೋನ್ ತೆಗೆದು ಆಂಬುಲೆನ್ಸಿಗೆ ಕರೆ ಮಾಡಿದ.

ಸಂಜೆ ಆಸ್ಪತ್ರೆಯಲ್ಲಿ ಭಾಮೈದ ಕಣ್ಣು ತೆರೆದ. ಕಂಬಳಿಯಡಿ ಅವನ ಮೈ ಗಡಗಡ ನಡುಗತೊಡಗಿತು. “ಒಳ್ಳೇದು. ನಡುಗ್ಲಿ ಬಿಡಿ, ಅದರಿಂದಲೇ ಮೈ ಬಿಸಿ ಏರೋದು” ಎಂದರು ಡಾಕ್ಟರು. ಅವನ ಅಕ್ಕ ಅವನ ಹಣೆಯ ಮೇಲೆ ಕೈಯಿಟ್ಟಳು.

ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದ ಮೇಸ್ತ್ರಿ ಅವನ ಕಣ್ಣಿಗೆ ಬಿದ್ದ. ಭಾಮೈದ ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಮಂಚದ ಕಂಬಿ ಬಿಗಿಹಿಡಿದ.

“ಇಲ್ಲ ಭಾವ... ನಾನು ನಡುಗ್ತಿಲ್ಲ.”

ಹೆಂಡತಿ ತಮ್ಮನನ್ನು ನೋಡಿದಳು, ಗಂಡನನ್ನು ನೋಡಿದಳು.

“ಏನ್ ಹೇಳ್ಕೊಟ್ಟಿದೀರಿ ಇವನಿಗೆ?”

“ನಾನು... ಅಲ್ಲಿ ಎಲ್ಲರಿಗೂ...”

“ಹೊರಗೆ ಹೋಗಿ” ಎಂದಳು, ದನಿ ಏರಿಸದೆ. “ನೀವು ಎದುರಿಗೆ ಇರೋವರೆಗೂ ಇವನು ನಡುಗೋದಿಲ್ಲ.”