ಒಂದೊಂದು ಮಾರು ಹಾಡು

ಕುಪ್ಪ ಮೂರನೆಯ ಸಲವೂ ಕೆಮ್ಮಿ ನಿಲ್ಲಿಸಿದಾಗ ದಾಸನಿಗೆ ಗಿಟಾರನ್ನು ಎತ್ತಿ ಗೋಡೆಗೆ ಬಡಿಯಬೇಕು ಅನ್ನಿಸಿತು.

"ಬರೂದಿಲ್ಲ ಮಗಾ," ಎಂದ ಕುಪ್ಪ. "ಕೈಯಲ್ಲಿ ಭಾರ ಇಲ್ದೆ ಸ್ವರ ಮೇಲೆ ಏಳೂದಿಲ್ಲ."

ಕುಪ್ಪ ದಾಸನ ದೊಡ್ಡಪ್ಪ. ಬಾಡ ಎಂಬ ಊರಿನ ಕಡಲತೀರದಲ್ಲಿ ಮೂವತ್ತು ವರ್ಷ, ದಡದಲ್ಲಿ ನಿಂತು ಜನ ಸೇರಿ ಎಳೆಯುವ ರಂಪಣಿ ಬಲೆ ಎಳೆಸಿದವನು. ಇವನು ಕೂಗು ಹಾಕಿದರೆ ಊರಿಗೆ ಊರೇ ಹಗ್ಗಕ್ಕೆ ಕೈ ಹಚ್ಚುತ್ತಿತ್ತು. ಅಂಥವನನ್ನು ಬೆಳಗಿನ ಬಸ್ಸಿಗೆ ಹತ್ತಿಸಿ ಹೊನ್ನಾವರಕ್ಕೆ ಕರೆತಂದು, ಸದ್ದು ತಡೆಯಲು ಗೋಡೆಗೆ ಗೋಣಿಚೀಲ ಹೊಡೆದ ಅಟ್ಟದಲ್ಲಿ, ಮೈಕಿನ ಎದುರು ಸ್ಟೂಲಿನ ಮೇಲೆ ಕೂರಿಸಿದ್ದರು. ಅವನ ಬಾಯಿಂದ ಹೊರಟದ್ದು ಜ್ವರದವನ ನರಳಾಟ.

ಅಟ್ಟ ವೆಂಕಟ್ರಮಣನದು. ಕೆಳಗೆ ಅವನಪ್ಪನ ಬಟ್ಟೆ ಅಂಗಡಿ. ವೆಂಕಟ್ರಮಣ ಹಾರ್ಮೋನಿಯಮ್ಮಿಗೆ ಹಳೆಯ ರೇಡಿಯೋದ ಭಾಗ ಜೋಡಿಸಿ, ಅದು ನೀರಿನೊಳಗಿಂದ ಹಾಡಿದಂತೆ ಕೇಳಿಸುವ ಹಾಗೆ ಮಾಡಿದ್ದ. ಭಟ್ಕಳದ ಮುನೀರ್ ದಫ್ ಬಾರಿಸುತ್ತಿದ್ದ. ಟೇಪ್ ರೆಕಾರ್ಡರ್ ಅವನ ಭಾವ ದುಬೈಯಿಂದ ತಂದದ್ದು. ದಾಸನದು ಗಿಟಾರು. ಮೂವರೂ ಸೇರಿದರೆ 'ಕರಿಹಾಯಿ' ತಂಡ. ಭಜನೆಯೋ, ರಾಕೋ, ಯಕ್ಷಗಾನವೋ ಎಂದು ಕೇಳಿದವರಿಗೆ ದಾಸ ಉತ್ತರ ಕೊಡುವುದನ್ನೇ ಬಿಟ್ಟಿದ್ದ. ಅವರ ಮೊದಲ ಕ್ಯಾಸೆಟ್ಟನ್ನು ಕುಮಟಾದ ಚಾ ಅಂಗಡಿಯವನು ಒಂದು ದಿನ ಹಾಕಿದ್ದ. ಗಿರಾಕಿಗಳು ಮೆಷಿನ್ನು ಕೆಟ್ಟಿದೆಯಾ ಎಂದು ಕೇಳಿದರಂತೆ.

ಈ ಸಲದ್ದು ಹಾಗಲ್ಲ. 'ಏಳನೇ ಅಲೆ' ಒಂದೇ ಹಾಡು, ಇಪ್ಪತ್ತಾರು ನಿಮಿಷ. ಎಂಟು ತಿಂಗಳು ತಾಲೀಮು ಮಾಡಿ, ಹೋದ ವಾರ ಕರೆಂಟು ಕೃಪೆ ತೋರಿದ ಒಂದು ಮಧ್ಯಾಹ್ನ ನಿಲ್ಲಿಸದೆ ಬಾರಿಸಿ ಮುಗಿಸಿದ್ದರು. ಕೊನೆಗೆ ಎಲ್ಲ ವಾದ್ಯ ಅಡಗಿ ರಂಪಣಿಯ ಕೂಗೊಂದೇ ಉಳಿಯಬೇಕು. ಅದಕ್ಕೆಂದೇ ಕ್ಯಾಸೆಟ್ಟಿನ ತುದಿಯಲ್ಲಿ ನಾಲ್ಕು ನಿಮಿಷ ಖಾಲಿ ಬಿಟ್ಟಿದ್ದರು. ನಕಲು ತೆಗೆಯಲು ಇನ್ನೊಂದು ಮೆಷಿನ್ನಿರಲಿಲ್ಲ. ಇದ್ದದ್ದು ಆ ಒಂದೇ ಕ್ಯಾಸೆಟ್ಟು. ಮುನೀರನಿಗೆ ದುಬೈ ವೀಸಾ ಬಂದಿತ್ತು. ನಾಳೆ ರೆಕಾರ್ಡರು ಭಾವನ ಮನೆಗೆ, ನಾಡಿದ್ದು ಮುನೀರ್ ಬೊಂಬಾಯಿಗೆ.

"ಭಾರ ಬೇಕಾ? ಭಾರ ಕೊಡ್ವ," ಎಂದ ದಾಸ. "ಬಾಡಕ್ಕೇ ಹೋಗ್ವ. ಬ್ಯಾಟರಿ ಅದೆ ಅಲ್ವಾ?"

ಮೂರು ಗಂಟೆಗೆ ಬಾಡದ ಮರಳಿನಲ್ಲಿದ್ದರು. ಹಳೆಯ ರಂಪಣಿ ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿದ್ದಿದ್ದ ಹಳೆಯ ದೋಣಿಗೆ ಕಟ್ಟಿದರು. ದೋಣಿಯ ಹೊಟ್ಟೆಯ ತುಂಬ ಮರಳು. ಮುನೀರ್ ಮೈಕಿಗೆ ತನ್ನ ಬನಿಯನ್ ಸುತ್ತಿ ಗಾಳಿ ತಡೆದ.

ಕುಪ್ಪ ಹಗ್ಗ ಮುಟ್ಟಲಿಲ್ಲ. "ಮೀನು ಕಾಣದೆ ಕೂಗು ಹಾಕೂಕಿಲ್ಲ ತಮಾ. ನಿಂಗೂ ಗೊತ್ತದೆ."

ದಾಸನಿಗೆ ಗೊತ್ತಿತ್ತು. ಕೂಗು ಕೇಳಿದವರು ಉಣ್ಣುವ ಬಟ್ಟಲು ಬಿಟ್ಟು ಬರಬೇಕು. ಹಗ್ಗ ಮುಟ್ಟಿದವರಿಗೆಲ್ಲ ಮೀನಿನಲ್ಲಿ ಪಾಲು. ಅದಕ್ಕೇ ಸುಳ್ಳು ಕೂಗು ಯಾರೂ ಹಾಕುತ್ತಿರಲಿಲ್ಲ. ಆದರೆ ಎಂಟು ತಿಂಗಳು!

"ದೊಡ್ಡಪ್ಪಾ, ಬಲೆ ನೀರು ಕಾಣದೆ ಮೂರು ವರ್ಷ ಆತು. ಬಂಗಡೆಯೆಲ್ಲ ಮೆಷಿನ್ ಬೋಟಿನವರ ಪಾಲು. ಈಗ ಯಾರು ಬತ್ತಾರೆ ನಿನ್ನ ಕೂಗಿಗೆ?"

ಕುಪ್ಪ ಅವನನ್ನೇ ನೋಡಿದ. ಆಮೇಲೆ ಹಗ್ಗ ಎತ್ತಿ ಸೊಂಟಕ್ಕೆ ಕೊಟ್ಟುಕೊಂಡ. ದಾಸ, ವೆಂಕಟ್ರಮಣ ಹಿಂದೆ ನಿಂತರು.

ಮೊದಲ ಕೂಗು ಸಣ್ಣಗಿತ್ತು. ದಾಸ ಇನ್ನೂ ಜೋರು ಎಂದು ಕೈ ಮಾಡಿದ. ಎರಡನೆಯದಕ್ಕೆ ಹಗ್ಗ ಬಿಗಿಯಿತು. ಮೂರನೆಯದಕ್ಕೆ ಮುದುಕನ ಕುತ್ತಿಗೆಯ ನರ ಹುರಿಯಂತೆ ಎದ್ದಿತು. ಆಮೇಲೆ ಅವನಿಗೆ ಮೈಕೂ ನೆನಪಿರಲಿಲ್ಲ, ಇವರೂ ನೆನಪಿರಲಿಲ್ಲ. "ಹೋ... ಹೋಯ್ಸಾ!" ದಾಸನ ಮೈ ಜುಮ್ಮೆಂದಿತು. ಇದು, ಇದೇ ಬೇಕಾದ್ದು.

ಅಷ್ಟರಲ್ಲಿ ಹಗ್ಗ ಹಗುರಾಯಿತು. ಅವನ ಹಿಂದೆ ಯಾರೋ ಏದುಸಿರು ಬಿಡುತ್ತಿದ್ದರು. ತಿರುಗಿ ನೋಡಿದರೆ ಹತ್ತು ಜನ, ಅವರ ಹಿಂದೆ ಇಪ್ಪತ್ತು. ಅರ್ಧ ಬೋಳಿಸಿದ ಕೆನ್ನೆಯ ಮೇಲೆ ಸೋಪಿನ ನೊರೆ ಇದ್ದ ಸೋಮ. ಕೇರಿಯ ದಾರಿಯಲ್ಲಿ ಬುಟ್ಟಿ ಹಿಡಿದು ಓಡಿ ಬರುತ್ತಿದ್ದ ಹೆಂಗಸರು. ಅವರ ಹಿಂದೆ ನಾಲ್ವರು ಗಂಡಸರು ಕೊಟ್ಟಿಗೆಯಿಂದ ಹಳೆಯ ಬಲೆಯನ್ನೇ ಹೊತ್ತು ತರುತ್ತಿದ್ದರು. ಹೆಜ್ಜೆ ಹೆಜ್ಜೆಗೂ ಅದರ ನೂಲು ಪುಡಿಯಾಗಿ ಉದುರುತ್ತಿತ್ತು. ಬಂದವರು ಕೇಳಲಿಲ್ಲ, ನೋಡಲಿಲ್ಲ, ಹಗ್ಗಕ್ಕೆ ಕೈ ಹಚ್ಚಿ ಎಳೆದರು. ಮರಳು ತುಂಬಿದ ದೋಣಿ ಕರ್ ಎಂದು ಒಂದು ಮೊಳ ಸರಿಯಿತು.

"ಬಲೆ ಎಲ್ಲದೆ?" ಎಂದಿತು ಒಂದು ದನಿ.

ಕೂಗು ನಿಂತಿತು. ಎಲ್ಲರೂ ಸಮುದ್ರ ನೋಡಿದರು. ಅಲ್ಲಿ ಏನೂ ಇರಲಿಲ್ಲ.

ದಾಸನ ತಾಯಿ ಸುಬ್ಬಿ ಮುಂದೆ ಬಂದಳು. ಮನೆಯ ಅಟ್ಟದಿಂದ ಆಗಷ್ಟೇ ಇಳಿಸಿದ ಬುಟ್ಟಿಯೊಳಗೆ ಜೇಡರ ಬಲೆ ಇನ್ನೂ ಹಾಗೇ ಇತ್ತು. ಹಗ್ಗ ನೋಡಿದಳು, ದೋಣಿ ನೋಡಿದಳು, ಬನಿಯನ್ ಸುತ್ತಿದ ಮೈಕು ನೋಡಿದಳು. "ಎಂತಾ ಸಿಕ್ತೋ ಮಗನೇ ನಿನ್ನ ಬಲೆಗೆ?"

"ಎಲ್ಲಾ ಬಂತು ದಾಸಾ!" ಮುನೀರ್ ರೆಕಾರ್ಡರಿನ ಮೇಲೆ ಬಾಗಿದ್ದ. "ಓಡೂ ಸಪ್ಪಳ, ಉಸಿರು, ಎಲ್ಲಾ!"

"ಹಾಡಿಗೆ ಇದೇ ಕೊನೆ ಮಾರಾಯ," ವೆಂಕಟ್ರಮಣ ಕುಣಿಯುವುದೊಂದು ಬಾಕಿ. "ನಾವು ಬಾರಿಸಿದ್ದಕ್ಕಿಂತ ಲಾಯ್ಕ ಅದೆ."

"ಹಗ್ಗ ಹಿಡಿದವರು ಬರಿಗೈಲಿ ಹೋಗೂಕಿಲ್ಲ," ಎಂದ ಕುಪ್ಪ. ಅವನ ದನಿ ಈಗ ತಣ್ಣಗಿತ್ತು. "ಪಾಲು ಕೊಡು."

"ಪಾಲು ಎಲ್ಲಿಂದ ತರ್ಲಿ? ಇದು ಹಾಡು ದೊಡ್ಡಪ್ಪಾ! ಕೇಳಿ ಬೇಕಾರೆ," ಎಂದು ದಾಸ ಕ್ಯಾಸೆಟ್ಟು ಹಿಂದಕ್ಕೆ ಓಡಿಸಿ ಗುಂಡಿ ಒತ್ತಿದ. ಅಲೆಗಳ ಸದ್ದಿನಲ್ಲಿ ಸಣ್ಣ ಸ್ಪೀಕರು ಕುಯ್‌ಗುಟ್ಟಿತು. ಜನ ಸುತ್ತ ನೆರೆದು ಕೇಳಿದರು.

"ಗಾಡಿ ಕೀಲಿಗೆ ಎಣ್ಣೆ ಹಾಕ್ರೋ," ಎಂದಳು ಬುಟ್ಟಿ ಹಿಡಿದು ಬಂದಿದ್ದ ಮಂಜಿ. ನೊರೆಯ ಸೋಮ ಮೊದಲು ನಕ್ಕ, ಆಮೇಲೆ ಎಲ್ಲರೂ. ಸುಬ್ಬಿ ಮಾತ್ರ ನಗಲಿಲ್ಲ. ಅವಳು ಬುಟ್ಟಿಯ ಜೇಡರ ಬಲೆಯನ್ನು ಬೆರಳಿನಿಂದ ತೆಗೆಯುತ್ತಿದ್ದಳು.

ಅದನ್ನು ನೋಡಲಾಗಲಿಲ್ಲ ದಾಸನಿಗೆ. ನಗುವವರ ಮೇಲೋ, ಅವಳ ಮೇಲೋ, ತನ್ನ ಮೇಲೋ ತಿಳಿಯದ ಸಿಟ್ಟು ನೆತ್ತಿಗೇರಿತು. ಕ್ಯಾಸೆಟ್ಟನ್ನು ಕಿತ್ತು ತೆಗೆದ. "ಪಾಲು ಬೇಕಾ? ತಕಣಿ! ತಕಣಿ ಪಾಲು!" ಎನ್ನುತ್ತ ಟೇಪನ್ನು ಬೆರಳಿಗೆ ಸಿಕ್ಕಿಸಿ ಎಳೆದ. ಎಳೆದಷ್ಟೂ ಬಂತು. ಮುನೀರ್ "ಅರೇ!" ಎಂದು ಕೈ ಹಿಡಿಯುವ ಹೊತ್ತಿಗೆ ಎಂಟು ತಿಂಗಳು ಮರಳಿನ ಮೇಲೆ ಕಂದು ಗೋಜಲಾಗಿ ಬಿದ್ದಿತ್ತು.

ಕುಪ್ಪ ಕುಕ್ಕರಗಾಲಲ್ಲಿ ಕೂತು, ಬಲೆಯ ಸಿಕ್ಕು ಬಿಡಿಸುವವನಂತೆ ಅವಸರವಿಲ್ಲದೆ ಟೇಪಿನ ತುದಿ ಹುಡುಕಿದ. ಎದ್ದು ನಿಂತು ಎರಡೂ ಕೈ ಅಗಲಿಸಿ ಒಂದು ಮಾರು ಅಳೆದು, ಸೊಂಟದ ಚೂರಿಯಿಂದ ಕೊಯ್ದ. "ಬಲೆಯ ಪಾಲು," ಎಂದು ಬಲೆಯ ಮೇಲಿಟ್ಟ. ಇನ್ನೊಂದು ಮಾರು. "ದೋಣಿ ಪಾಲು." ಆಮೇಲೆ ಗಂಡ ಸತ್ತ ಕಮಲಿಗೆ, ಹಗ್ಗ ಹಿಡಿದ ಸಾಲಿನವರಿಗೆ, ಒಬ್ಬೊಬ್ಬರಿಗೂ. ನಕ್ಕವರು ಯಾಕೋ ನಗು ನಿಲ್ಲಿಸಿ ಸಾಲಾಗಿ ನಿಂತಿದ್ದರು. ಮೂರು ವರ್ಷಗಳ ಮೇಲೆ ಕುಪ್ಪ ಪಾಲು ಹಾಕುತ್ತಿದ್ದ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಮ್ಮಿಯಿಲ್ಲ.

"ಮೀನು ಒಣಗಿಸೂ ಕಡೆ ಕಟ್ಟಿದ್ರೆ ಕಾಗೆ ಬರೂದಿಲ್ಲ," ಎಂದಳು ಮಂಜಿ ತನ್ನ ಪಾಲನ್ನು ಬಿಸಿಲಿಗೆ ಹಿಡಿದು. "ಹೊಳೀತದೆ ನೋಡು."

ಸುಬ್ಬಿ ತನ್ನ ಪಾಲನ್ನು ಸುತ್ತಿ ಬುಟ್ಟಿಯೊಳಗಿಟ್ಟು, ಹಿಂದಿರುಗಿ ನೋಡದೆ ಹೋದಳು.

ಕೊನೆಗೆ ಕುಪ್ಪ ದಾಸನ ಮುಂದೆ ಬಂದು ನಿಂತ. "ನೀನೂ ಹಗ್ಗ ಹಿಡ್ದವ," ಎಂದು ಒಂದು ಮಾರು ಅವನ ಕೈಗಿತ್ತ.

ಗಾಳಿಗೆ ಅದು ಬೆರಳ ಸಂದಿಯಲ್ಲಿ ಪಟಪಟ ಹೊಡೆದುಕೊಂಡಿತು. ಕ್ಯಾಸೆಟ್ಟಿನ ಖಾಲಿ ಡಬ್ಬಿ ಹಿಡಿದ ವೆಂಕಟ್ರಮಣ ಹತ್ತಿರ ಬಂದು ಕೇಳಿದ: "ನಿಂಗೆ ಬಂದದ್ದು ಹಾಡಿನ ಯಾವ ಜಾಗ ಮಾರಾಯ? ಗಿಟಾರಾ, ಕೂಗಾ?"

ದಾಸ ಅದನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದ. ಉದ್ದಕ್ಕೂ ಒಂದೇ ಕಂದು ಬಣ್ಣ.