ಅರ್ಧ ಸ್ವರದ ಸುಳ್ಳು

ಹೋದ ಮಳೆಗಾಲ ನಿಂತದ್ದು ನನ್ನಿಂದ. ಪತ್ರಿಕೆಯವರು ಗಾಳಿ ತಿರುಗಿತು, ಮೋಡ ಚದುರಿತು ಎಂದು ಏನೇನೋ ಬರೆದರು. ಪಾಪ, ಅವರಿಗೆ ಹೇಳುವವರು ಯಾರು? ನಾನು ಅಂಗಡಿಯಲ್ಲಿ ಕೂತು ಒಂದು ಎಲೆಕ್ಟ್ರಿಕ್ ಗಿಟಾರಿನ ಕುತ್ತಿಗೆಯ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದೆ. ಹೊರಗೆ ಸುರಿಯುತ್ತಿದ್ದ ಮಳೆ ನಲ್ಲಿ ಮುಚ್ಚಿದ ಹಾಗೆ ಗಪ್ಪನೆ ನಿಂತಿತು. ಎದುರಿನ ಬೇಕರಿಯವನೇ ಸಾಕ್ಷಿ. ಈಗ ಕೇಳಿದರೆ ಅವನು ಇಲ್ಲ ಅನ್ನುತ್ತಾನೆ. ಹೊಟ್ಟೆಕಿಚ್ಚು.

ನಾನು ಕನ್ನಡಕದ ಅಂಗಡಿಯವನು. ಸೊಳ್ಳೆಗೂ ಕನ್ನಡಕ ಕೂರಿಸಬಲ್ಲೆ, ಸೊಳ್ಳೆ ಬಂದು ಕೇಳಬೇಕಷ್ಟೆ. ಅಂಥ ಸಣ್ಣ ಸ್ಕ್ರೂಡ್ರೈವರುಗಳು ನನ್ನ ಡ್ರಾಯರಿನಲ್ಲಿವೆ. ಅವುಗಳ ಪುಣ್ಯದಿಂದಲೇ ನಮ್ಮ ಬ್ಯಾಂಡಿನಲ್ಲಿ ಗಿಟಾರುಗಳ ವೈದ್ಯ ನಾನಾದೆ. ಬ್ಯಾಂಡಿನಲ್ಲಿ ಇರುವುದು ಮೂರೇ ಜನ: ನನ್ನದೊಂದು ಗಿಟಾರು, ಬೇಕರಿಯವನದು ಬೇಸ್ ಗಿಟಾರು, ನನ್ನ ಅಕ್ಕನ ಗಂಡನದು ಇನ್ನೊಂದು ಗಿಟಾರು ಮತ್ತು ಹಾಡು. ಭಾನುವಾರ ಬಂದರೆ ಬೇಕರಿಯ ಮೈದಾಹಿಟ್ಟಿನ ಕೋಣೆಯಲ್ಲಿ ನಮ್ಮ ಕಛೇರಿ. ಕೇಳುಗರು ಲಕ್ಷಾಂತರ. ಮನುಷ್ಯರ ಪೈಕಿ ಅಕ್ಕ ಒಬ್ಬಳು, ಮಿಕ್ಕವು ಇರುವೆಗಳು.

ಗೊತ್ತಿಲ್ಲದವರು ಎಲೆಕ್ಟ್ರಿಕ್ ಗಿಟಾರು ಅಂದರೆ ಮಿಕ್ಸಿಯ ಹಾಗೆ, ವೈರು ಸಿಕ್ಕಿಸಿದರೆ ಆಯಿತು ಅಂದುಕೊಳ್ಳುತ್ತಾರೆ. ಅದರ ಕುತ್ತಿಗೆ ಮರದ್ದು. ಮಳೆಗಾಲದಲ್ಲಿ ತೇವ ಕುಡಿದು ಬಾಗುತ್ತದೆ. ತಂತಿ ಮೇಲೆದ್ದು, ಒತ್ತುವ ಬೆರಳಿಗೆ ಗಟ್ಟಿಯಾಗುತ್ತದೆ. ಒಣ ಹವೆ ಬಂತೆಂದರೆ ಅದೇ ಕುತ್ತಿಗೆ ಹಿಂದಕ್ಕೆ ಸೆಟೆದುಕೊಂಡು, ತಂತಿ ಕೆಳಗಿನ ಲೋಹದ ಪಟ್ಟಿಗೆ ತಾಗಿ ಜೀರುಂಡೆಯಂತೆ ಗುಂಯ್‌ಗುಡುತ್ತದೆ. ಕುತ್ತಿಗೆಯೊಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳಿದೆ; ಅದರ ತುದಿಯ ಸ್ಕ್ರೂವನ್ನು ತಿರುಗಿಸಿ ಮರವನ್ನು ಒಪ್ಪಿಸಬೇಕು. ಅದಕ್ಕೇ ಹವೆ ಬದಲಾದಾಗಲೆಲ್ಲ ಒಂದು ರಜಾದಿನ ನನ್ನ ಗಾಜಿನ ಕೌಂಟರಿನ ಮೇಲೆ ಹಳೆ ಟವೆಲು ಹಾಸಿ ಮೂರೂ ಗಿಟಾರುಗಳನ್ನು ಮಲಗಿಸುತ್ತೇನೆ. ಹಳೆಯ ತಂತಿ ಬಿಚ್ಚಿ, ಬೆರಳಿನ ಜಿಡ್ಡು ಉಜ್ಜಿ, ಮರಕ್ಕೆ ಎಣ್ಣೆ ಸವರಿ, ಹೊಸ ತಂತಿ ಬಿಗಿಯುತ್ತೇನೆ. ಒಂದೇ ಕಟ್ಟಳೆ: ರೋಗಿಯ ಕಡೆಯವರು ಹೊರಗಿರಬೇಕು. ಭಾವನೂ ಬೇಕರಿಯವನೂ ಎದುರಿನ ಬೆಂಚಿನ ಮೇಲೆ ಕೂತು, ಆಪರೇಷನ್ ಥಿಯೇಟರಿನ ಹೊರಗೆ ಕಾದವರಂತೆ ಬನ್ನು ತಿನ್ನುತ್ತಿರುತ್ತಾರೆ.

ಭಾವ ಸಿಟಿ ಬಸ್ಸಿನ ಡ್ರೈವರು. ಅವರ ಗಿಟಾರು ಕೆಂಪು. ಮೊಣಕೈ ತಾಗಿ ತಾಗಿ ಒಂದು ಕಡೆ ಬಣ್ಣ ಹೋಗಿ ಮರ ಕಾಣುತ್ತದೆ. ಮೊದಲ ಬಸ್ಸು ತೆಗೆಯುವ ಮುಂಚೆ, ಖಾಕಿ ಅಂಗಿ ಹಾಕಿಕೊಂಡು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅದನ್ನು ನುಡಿಸುವುದು ಅವರ ನಿತ್ಯದ ಪಾಠ. ಸದ್ದು ಹೆಚ್ಚಿಸುವ ಆಂಪಿಗೆ ಸಿಕ್ಕಿಸುವುದಿಲ್ಲ, ಬರೀ ತಂತಿಯ ಸದ್ದು, ಪಕ್ಕದ ಮನೆಗೂ ಕೇಳದಷ್ಟು ಸಣ್ಣದು. ಅಕ್ಕ ಟೀಗೆ ನೀರಿಡುವುದು, ಡಬ್ಬಿ ಕಟ್ಟುವುದು ಎಲ್ಲ ಅದರ ತಾಳಕ್ಕೇ. ನಾನು ಅವರ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿದ್ದೇನೆ. ಮದುವೆಯಾಗಿಲ್ಲ. ನನ್ನನ್ನು ಕಟ್ಟಿಕೊಳ್ಳಲು ಸಾಲುಗಟ್ಟಿ ನಿಂತವರ ನೂಕುನುಗ್ಗಲಿನಲ್ಲಿ ಯಾರನ್ನು ಆರಿಸಬೇಕೋ ತಿಳಿಯದೆ ಹೊತ್ತು ಮೀರಿತು.

ಭಾವನದು ಒಂದು ಹಟ. "ಬೆರಳು ಕೈಕೊಟ್ಟ ದಿನ ಇದನ್ನ ಯಾರಿಗಾದ್ರೂ ಕೊಟ್ಟು ಕೈ ತೊಳ್ಕೋತೀನಿ. ಪಾಪ ಅನ್ನಿಸಿಕೊಂಡು ನುಡಿಸೋದು ನನ್ನಿಂದಾಗಲ್ಲ," ಅನ್ನುತ್ತಿದ್ದರು. ತಮಾಷೆಗಲ್ಲ. ಅವರ ಹಿರಿಯ ಅಣ್ಣ ಕೊಳಲನ್ನು ಹಾಗೆಯೇ ಬಿಟ್ಟವರು, ಆಮೇಲೆ ಮುಟ್ಟಲಿಲ್ಲ.

ಒಂದು ದಿನ ಅಕ್ಕ ಕನ್ನಡಕ ಒರೆಸಿಸುವ ನೆಪದಲ್ಲಿ ಅಂಗಡಿಗೆ ಬಂದಳು.

"ದಿನಾ ಬೆಳಿಗ್ಗೆ ನುಡಿಸೋ ಹಾಡಿನ ನಡುವೆ ಅವರು ಒಂದು ಕಡೆ ಜಾರಿಸಿಬಿಡ್ತಾರೆ ಕಣೋ. ಮೊದಲು ಹಾಗಿರ್ಲಿಲ್ಲ."

"ಎಲ್ಲಿ?"

"ಅದರ ಹೆಸರು ನಂಗೇನು ಗೊತ್ತು? ತೋರುಬೆರಳನ್ನ ಎಲ್ಲಾ ತಂತಿ ಮೇಲೆ ಅಡ್ಡ ಮಲಗಿಸ್ತಾರಲ್ಲ, ಅಲ್ಲಿ. ಆಮೇಲೆ ಆ ಕೈನ ಮೇಜಿನ ಕೆಳಗಿಟ್ಟು ಉಜ್ಕೋತಾರೆ. ನಾನು ನೋಡಿಲ್ಲ ಅಂದ್ಕೊಂಡಿದ್ದಾರೆ."

"ಡಾಕ್ಟ್ರು?"

"ತೋರಿಸಿ ಆಯ್ತು. ಬೆರಳಿನ ಕೀಲು ಸವೆದಿದೆ, ಸ್ಟೀರಿಂಗಿಗೆ ಏನೂ ತೊಂದ್ರೆ ಇಲ್ಲ, ವಯಸ್ಸು ಅಂದ್ರು. ಮಳೆ ನಿಲ್ಲಿಸ್ತೀನಿ ಅಂತ ಕೊಚ್ಕೋತೀಯಲ್ಲ, ಇದಕ್ಕೇನಾದ್ರೂ ಮಾಡೋ."

ಮಾಡಿದೆ. ಆ ಸಲ ಹವೆ ತಿರುಗಿದಾಗ ಭಾವನ ಗಿಟಾರಿಗೆ ಒಂದು ಅಳತೆ ತೆಳುವಾದ ತಂತಿ ಹಾಕಿ, ಅದನ್ನು ಮರಕ್ಕೆ ಇನ್ನಷ್ಟು ಹತ್ತಿರ ಇಳಿಸಿದೆ. ಭಾವ ಒಂದು ಸಲ ಮೀಟಿ ನೋಡಿ, "ಏನೋ ಇದು, ಬೆಣ್ಣೆ ಆಗಿದೆಯಲ್ಲೋ!" ಅಂದರು. "ನನ್ನ ಕೈ ತಾಗಿದ್ರೆ ಬಂಡೆನೂ ಬೆಣ್ಣೆ, ಭಾವ," ಅಂದೆ. ಮುಂದಿನ ಸಲ ಇನ್ನೂ ತೆಳು. ಅಷ್ಟಕ್ಕೆ ವಾದ್ಯದ ಅಂಗಡಿಯಲ್ಲಿ ಸಿಗುವ ತಂತಿ ಮುಗಿಯಿತು; ಅದಕ್ಕಿಂತ ತೆಳುವಾದದ್ದು ಬೇಕೆಂದರೆ ಜೇಡನನ್ನು ಕೆಲಸಕ್ಕಿಟ್ಟುಕೊಳ್ಳಬೇಕಿತ್ತು. ಬೆರಳು ಮಾತ್ರ ಮತ್ತೆ ಜಾರತೊಡಗಿತು.

ಆಗ ನನ್ನ ಮಹಾಬುದ್ಧಿಗೆ ಒಂದು ಉಪಾಯ ಹೊಳೆಯಿತು. ತಂತಿಯನ್ನು ಅರ್ಧ ಸ್ವರ ಕೆಳಗಿಳಿಸಿದರೆ ಬಿಗಿ ಸಡಿಲವಾಗುತ್ತದೆ, ಬೆರಳಿಗೆ ಹಗುರ. ಆದರೆ ಭಾವ ದಿನಾ ಬೆಳಿಗ್ಗೆ ಗಿಟಾರಿನ ತಲೆಗೆ ಟ್ಯೂನರ್ ಕಚ್ಚಿಸಿ ಸ್ವರ ನೋಡಿಕೊಳ್ಳುತ್ತಾರೆ. ಹಸಿರು ದೀಪ ಹತ್ತಿದರೆ ಸರಿ. ಆ ಟ್ಯೂನರಿಗೊಂದು ಗುಂಡಿಯಿದೆ. ಅದನ್ನು ಒತ್ತಿ ಹಿಡಿದರೆ ಅರ್ಧ ಸ್ವರ ಕೆಳಗಿದ್ದಾಗಲೇ ಹಸಿರು ದೀಪ ಹತ್ತಿಸುತ್ತದೆ, ನನ್ನಷ್ಟೇ ಪ್ರಾಮಾಣಿಕವಾಗಿ. ಒತ್ತಿ ಹಿಡಿದೆ. ನನ್ನ ಗಿಟಾರನ್ನೂ ಇಳಿಸಿದೆ. ಬೇಕರಿಯವನದನ್ನೂ ಇಳಿಸಿ, ಸುಮ್ಮನಿರು ಅಂದೆ.

"ನನ್ನ ಬೇಸು ನೆಗಡಿ ಬಂದ ಎಮ್ಮೆ ಹಾಗೆ ಕೂಗ್ತಿದೆ," ಅಂದ ಅವನು.

"ನಿನ್ನ ಬೇಸು ಯಾವತ್ತು ಕೋಗಿಲೆ ಆಗಿತ್ತು? ಭಾವನಿಗೋಸ್ಕರ ತಡ್ಕೋ."

ತಡೆದುಕೊಂಡ. ಒಳ್ಳೆಯ ಮನುಷ್ಯ.

ಮುಂದಿನ ಭಾನುವಾರವನ್ನು ನೀವು ನೋಡಬೇಕಿತ್ತು! ಭಾವ ತೋರುಬೆರಳನ್ನು ಅಡ್ಡ ಮಲಗಿಸಿದರೆ ಆರೂ ತಂತಿ ತಕರಾರಿಲ್ಲದೆ ವಿಧೇಯವಾಗಿ ನುಡಿದವು. ಸ್ವರ ಇಳಿದದ್ದರಿಂದ ಮೇಲಿನ ಸಾಲುಗಳನ್ನು ಹಾಡುವುದೂ ಸಲೀಸಾಯಿತು. ಗಂಟಲ ನರ ಉಬ್ಬುತ್ತಿದ್ದ ಕಡೆ ಅವರು ನಗುತ್ತಾ ಹಾಡಿದರು. ಮೈದಾಹಿಟ್ಟಿನ ಮೂಟೆಗಳೂ ತಲೆದೂಗಿದವು. ಅಕ್ಕ ನನ್ನ ಕಡೆ ನೋಡಿ ಕಣ್ಣಲ್ಲೇ ಏನೋ ಕೇಳಿದಳು. ನಾನು ಮೀಸೆಯಲ್ಲೇ ಉತ್ತರ ಕೊಟ್ಟೆ. ಭಾವ ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿದರಂತೆ: "ಸ್ಟೀರಿಂಗ್ ಹಿಡಿದು ಹಿಡಿದು ನನ್ನ ಬೆರಳು ಎಳೇ ಹುಡುಗರ ಹಾಗಾಗಿದೆ ಕಣ್ರಯ್ಯ."

ನನ್ನ ಲೆಕ್ಕಕ್ಕೆ ಬಾರದ್ದು ಒಂದೇ: ಬಸ್ಸಿನ ಬಾಗಿಲು.

ಅವರ ಬಸ್ಸುಗಳಲ್ಲಿ ಬಾಗಿಲು ಮುಚ್ಚುವ ಮುಂಚೆ ಟಿಂಗ್ ಎಂದು ಒಂದು ಗಂಟೆಯ ಸದ್ದು ಬರುತ್ತದೆ. ಆ ಟಿಂಗ್ ಮತ್ತು ಗಿಟಾರಿನ ಸಣ್ಣ ತಂತಿ ಒಂದೇ ಸ್ವರ. ಭಾವ ಬೆಳಿಗ್ಗೆ ಆ ತಂತಿ ಮೀಟಿ, ಅದನ್ನೇ ಮೂಗಿನಲ್ಲಿ ಗುನುಗುತ್ತಾ ಡಿಪೋಗೆ ನಡೆದು, ಬಾಗಿಲ ಗುಂಡಿ ಒತ್ತಿ, ಎರಡೂ ಕೂಡಿದಾಗ ತಲೆಯಾಡಿಸಿ ಬಸ್ಸು ಬಿಡುತ್ತಿದ್ದರು. ದಿನವೂ ಹೀಗೇ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಮನೆ ಬಿಟ್ಟು ಹೊರಟ ಮೇಲೆ ಅವರ ಜೊತೆ ಬರುತ್ತಿದ್ದ ಒಂದೇ ಒಂದು ಸ್ವರ ಅದು ಎಂಬುದು ನನಗೆ ಹೇಗೆ ಗೊತ್ತಾಗಬೇಕು?

ಒಂದು ಬೆಳಿಗ್ಗೆ ಕೆಳಗಿನಿಂದ ಸದ್ದು ಬರಲಿಲ್ಲ. ಮರುದಿನವೂ ಇಲ್ಲ. ವಾರ ಕಳೆದು ಭಾವನ ರಜೆಯ ದಿನ ಬಂತು. ತಡೆಯಲಾರದೆ ಇಳಿದು ಹೋದೆ. ಅಡುಗೆಮನೆಯ ಮೇಜಿನ ಮೇಲೆ ಗಿಟಾರನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟಿದ್ದರು. ಅಕ್ಕ ಬೆನ್ನು ತಿರುಗಿಸಿ ಪಾತ್ರೆ ಉಜ್ಜುತ್ತಿದ್ದಳು.

"ಬಂದೆಯಾ? ಒಳ್ಳೇದಾಯ್ತು. ಇದನ್ನ ತಗೊಂಡ್ಹೋಗು. ಯಾರಾದ್ರೂ ಕಲಿಯೋರಿದ್ರೆ ಕೊಡು," ಅಂದರು ಭಾವ.

"ಯಾಕೆ ಭಾವ? ಬೆರಳು..."

"ಬೆರಳು ಚೆನ್ನಾಗಿದೆ ಕಣಯ್ಯ. ಕಿವಿ ಹೋಯ್ತು."

ನನಗೆ ನಗು ಬಂತು. ಅವರ ಮುಖ ನೋಡಿ ನಿಂತುಹೋಯಿತು.

"ಬಸ್ಸಿನ ಟಿಂಗ್ ಇದೆಯಲ್ಲ, ಅದೂ ನನ್ನ ತಂತಿನೂ ಒಂದೇ ಇತ್ತು. ಈಗ ಸೇರ್ತಿಲ್ಲ. ಮೊದಲು ಬಸ್ಸಿಂದೇ ತಪ್ಪು ಅಂದ್ಕೊಂಡೆ. ಮೆಕ್ಯಾನಿಕ್‌ನ ಕರೆಸಿ, ಇದರ ಗಂಟೆ ಕೆಟ್ಟಿದೆ ನೋಡಯ್ಯ ಅಂದೆ. ಬೇರೆ ಬಸ್ಸು ಕೊಟ್ರು. ಅದೂ ಹಾಗೇ. ಇನ್ನೊಂದು ಕೊಡಿ ಅಂದೆ. ಕೊನೆಗೆ ಅವನು ನಕ್ಕು, 'ಎಲ್ಲಾ ಬಸ್ಸಿಂದೂ ಒಂದೇ ಸಲ ಕೆಡುತ್ತಾ ಅಣ್ಣ?' ಅಂದ. ಸರಿ ತಾನೇ? ಊರಿನ ಬಸ್ಸೆಲ್ಲಾ ತಪ್ಪು, ನಾನೊಬ್ಬ ಸರಿ ಅಂದ್ರೆ ಯಾರು ನಂಬ್ತಾರೆ?"

"ಅದಕ್ಕೆ ಗಿಟಾರು ಯಾಕೆ..."

"ಸ್ವರ ತಿಳಿಯದವನ ಕೈಲಿ ಗಿಟಾರು ಯಾಕೆ? ಅದು ಹಾಳಾಗ್ಲಿ. ನಾಳೆ ಡಿಪೋದಲ್ಲಿ ಹೇಳಿ ಸ್ಟೀರಿಂಗ್ ಬಿಡ್ತೀನಿ. ಕಿವಿ ನೆಟ್ಟಗಿಲ್ಲದ ಡ್ರೈವರನ್ನ ನಂಬ್ಕೊಂಡು ಜನ ಹತ್ತೋದು ಸರಿಯಲ್ಲ."

ಅಕ್ಕನ ಕೈ ಪಾತ್ರೆಯ ಮೇಲೆ ನಿಂತಿತು. ಅವಳು ತಿರುಗಿ ನನ್ನನ್ನು ನೋಡಿದಳು.

ಸುಳ್ಳಿಗೆ ನನಗೆ ಎಂದೂ ಬರಗಾಲವಿಲ್ಲ. ಆ ಗಳಿಗೆಯಲ್ಲೂ ಒಂದು ಒಳ್ಳೆಯ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು: ಚಳಿಗೆ ಬಸ್ಸಿನ ಗಂಟೆಗಳೆಲ್ಲ ಕುಗ್ಗುತ್ತವೆ ಅನ್ನಬಹುದಿತ್ತು. ಹೇಳಲಾಗಲಿಲ್ಲ. ದಾರ ಬಿಚ್ಚಿ, ಬೆಡ್‌ಶೀಟು ತೆಗೆದು, ಟ್ಯೂನರನ್ನು ಅವರ ಮುಂದೆ ಹಿಡಿದು, ಗುಂಡಿ ಒತ್ತಿ ಅದನ್ನು ಮೊದಲಿನ ಹಾಗೆ ಮಾಡಿ, ಗಿಟಾರಿನ ತಲೆಗೆ ಕಚ್ಚಿಸಿದೆ. ಆಮೇಲೆ ಸಣ್ಣ ತಂತಿಯ ಬಿರಡೆ ತಿರುಗಿಸುತ್ತಾ ಮೇಲೇರಿಸಿದೆ. ಒಂದು ಕಡೆ ಬಂದಾಗ ದೀಪ ಹತ್ತುವ ಮುಂಚೆಯೇ ಭಾವ ಕೈಯೆತ್ತಿದರು.

"ನಿಲ್ಲು! ಅದೇ. ಅದೇ ಟಿಂಗ್."

"ನಿಮ್ಮ ಕಿವಿಗೆ ಏನೂ ಆಗಿಲ್ಲ ಭಾವ. ನಾನೇ ಇಳಿಸಿದ್ದು, ಮೂರೂ ಗಿಟಾರನ್ನೂ. ತಂತಿನೂ ತೆಳು ಹಾಕಿದ್ದೀನಿ, ಎರಡು ಸಲ. ಬೆರಳಿಗೆ ನೋವಾಗ್ಬಾರ್ದು ಅಂತ."

ಅವರು ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡರು. ಮಿಕ್ಕ ತಂತಿಗಳನ್ನು ತಾವೇ ಏರಿಸಿಕೊಂಡು ತೋರುಬೆರಳನ್ನು ಅಡ್ಡ ಮಲಗಿಸಿದರು. ನಡುವಿನ ಎರಡು ತಂತಿ ಸತ್ತ ಸದ್ದು ಮಾಡಿದವು. ಇನ್ನೊಮ್ಮೆ ಒತ್ತಿದರು. ಕೈ ಬಿಡಿಸಿ ಬೆರಳನ್ನೇ ನೋಡಿದರು.

"ಡಿಪೋದಲ್ಲಿ ಎಲ್ಲರಿಗೂ ತೋರಿಸ್ಕೊಂಡು ಬಂದೆನಲ್ಲೋ," ಅಂದರು ಮೆಲ್ಲಗೆ. "ಎಳೇ ಹುಡುಗರ ಬೆರಳು ಅಂತ."

ಆಮೇಲೆ ಅವರ ಹೊಟ್ಟೆ ಕುಲುಕಿತು. ನಗುತ್ತಿದ್ದರು, ಕಣ್ಣಂಚು ಒದ್ದೆಯಾಗಿತ್ತು.

"ಕಿವಿ ಇದೆಯಲ್ಲ, ಸಾಕು ಬಿಡು. ಬೆರಳು ಹೋಗೋದು ನನಗೂ ಗೊತ್ತಿತ್ತು. ಕಿವಿ ಹೋಯ್ತು ಅಂದಾಗ ಮಾತ್ರ ಯಾವ ಕಡೆ ನೋಡ್ಬೇಕು ಅಂತಲೇ ತಿಳೀಲಿಲ್ಲ ಕಣಯ್ಯ." ಒಂದೊಂದೇ ತಂತಿಯನ್ನು ಮತ್ತೆ ಅರ್ಧ ಸ್ವರ ತಾವೇ ಇಳಿಸತೊಡಗಿದರು, ಕಿವಿಯಿಂದಲೇ. "ಇಲ್ಲೇ ಇರ್ಲಿ. ಬಸ್ಸಿನ ಟಿಂಗ್ ಅರ್ಧ ಸ್ವರ ಮೇಲೆ ಅಂತ ಲೆಕ್ಕ ಹಾಕ್ಕೋತೀನಿ. ಆದ್ರೆ ಯಾಕೆ ಹೇಳ್ಲಿಲ್ಲ?"

"ಅಕ್ಕ ಹೇಳಿದ್ಳು ಅಂತ ಮಾಡ್ದೆ."

"ಏನಾದ್ರೂ ಮಾಡು ಅಂದೆ. ಮೂರು ಜನರ ಗಿಟಾರಿಗೂ ಸುಳ್ಳು ಕಲಿಸು ಅಂದೆನಾ?" ಅಂದಳು ಅಕ್ಕ.

"ಸರಿ, ಪರೋಪಕಾರ ಅಂದ್ಕೊಳ್ಳಿ ಭಾವ. ನನ್ನಂಥ ಪರೋಪಕಾರಿ ನೂರು ವರ್ಷಕ್ಕೆ ಒಬ್ಬ ಹುಟ್ಟೋದು. ನೀವು ನುಡಿಸಿದ್ರೂ ಒಂದೇ, ಬಿಟ್ರೂ ಒಂದೇ ನನಗೆ. ಬೆಳಿಗ್ಗೆ ಆ ಹೊತ್ತಲ್ಲಿ ನಾನು ಹೆಣದ ಹಾಗೆ ಮಲಗಿರ್ತೀನಿ."

"ಹೌದೌದು," ಅಕ್ಕ ಕೈ ಒರೆಸಿಕೊಂಡಳು. "ರೀ, ಕೇಳಿದ್ರಾ? ಹೆಣ ದಿನಾ ಮೆಟ್ಟಿಲ ಮೇಲೆ ಟೀ ಲೋಟ ಬಿಟ್ಟು ಹೋಗುತ್ತೆ. ಈ ಬಾಗಿಲ ಹಿಂದಿನ ಮೆಟ್ಟಿಲು. ತೊಳೆಯೋಳು ನಾನು. ಈ ವಾರ ನೀವು ನುಡಿಸದೇ ಇದ್ದಾಗ್ಲೂ ದಿನಾ ಒಂದೊಂದು ಲೋಟ ಸಿಕ್ಕಿದೆ."

ಭಾವ ಬಿರಡೆ ತಿರುಗಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ನನ್ನ ಜನ್ಮದಲ್ಲಿ ಮೊದಲ ಸಲ ಬಾಯಲ್ಲಿ ಒಂದೂ ಸುಳ್ಳು ಇರಲಿಲ್ಲ.

"ಮಲಗಿರಲ್ಲ ಭಾವ," ಅಂದೆ. "ನೀವು ಸ್ಟೂಲು ಎಳೆದ ಸದ್ದು ಕೇಳಿದ ತಕ್ಷಣ ಎದ್ದು ಬಂದು ಅಲ್ಲಿ ಕೂತ್ಕೋತೀನಿ. ಒಳಗೆ ಬಂದ್ರೆ ನೀವು ನುಡಿಸೋದು ಬಿಟ್ಟು ಮಾತಾಡಿಸ್ತೀರಿ ಅಂತ ಹೊರಗೇ ಇರ್ತೀನಿ. ಮೇಲೆ ನನ್ನ ಕೋಣೆಯಲ್ಲಿ ಬೆಳಿಗ್ಗೆ ಏನೂ ಸದ್ದಿರಲ್ಲ. ನಿಮ್ಮ ಬೆರಳಿಗೋಸ್ಕರ ಅಲ್ಲ ನಾನು ತಂತಿ ಬದಲಾಯಿಸಿದ್ದು. ನನಗೋಸ್ಕರ."